ಕ್ಷಮಿಸಿದಳು ಸರಿ, ನಂಬಿದ್ದು ಯಾವಾಗ?

ಪ್ರಶ್ನೆ: ಮೊದಲ ಸಲ ಒಂದು ಪ್ರೇಮಕಾದಂಬರಿ ಬರೆದಿದ್ದೇನೆ. ವಸುಧಾ, ನಿರಂಜನ ಮದುವೆಯಾಗಿ ಎರಡೇ ವರ್ಷಕ್ಕೆ ಬೇರೆಯಾದವರು. ಅವಳ ಅಪ್ಪ ಐಸಿಯುನಲ್ಲಿದ್ದ ರಾತ್ರಿ ಅವಳು ಹನ್ನೊಂದು ಸಲ ಫೋನ್ ಮಾಡುತ್ತಾಳೆ. ಜಗಳವಾಡಿಕೊಂಡು ಹೋಗಿದ್ದ ನಿರಂಜನ ರಿಂಗಾಗುವುದನ್ನು ನೋಡುತ್ತಲೇ ಕೂತಿರುತ್ತಾನೆ, ಎತ್ತುವುದಿಲ್ಲ. ಬೆಳಗಾಗುವಷ್ಟರಲ್ಲಿ ಅಪ್ಪ ತೀರಿಕೊಳ್ಳುತ್ತಾರೆ. ಒಂಬತ್ತು ವರ್ಷದ ನಂತರ ಇಬ್ಬರೂ ಒಂದೇ ಆಫೀಸಿನಲ್ಲಿ ಎದುರಾಗುತ್ತಾರೆ. ಒಟ್ಟು 32 ಅಧ್ಯಾಯ. 29ರಲ್ಲಿ ಅವನು ಎಲ್ಲರೆದುರು ಕ್ಷಮೆ ಕೇಳುತ್ತಾನೆ, ಅವಳು ಒಪ್ಪುತ್ತಾಳೆ. ಓದಿದ ಮೂವರು ಗೆಳತಿಯರೂ ಒಂದೇ ಮಾತು ಹೇಳಿದರು: 'ಅವಳು ಒಪ್ಪಿದ್ದು ನಂಬೋಕಾಗಲ್ಲ.' ಒಬ್ಬಳಂತೂ, 'ಅವನಿಗೆ ಫೋನ್ ಬಂದಿದ್ದೇ ಗೊತ್ತಾಗಲಿಲ್ಲ ಅಂತ ಬರಿ, ಸರಿಹೋಗುತ್ತೆ' ಎಂದಳು. ಹಾಗೆ ಮಾಡಲೇ? ಇಲ್ಲಾ, ಕ್ಷಮೆ ಕೇಳುವ ದೃಶ್ಯವನ್ನು ಇನ್ನೂ ದೊಡ್ಡದು ಮಾಡಲೇ?

ಉತ್ತರ: ನೀವು ಕಳಿಸಿದ ಮೊದಲ ಹತ್ತು ಅಧ್ಯಾಯ, 29ನೇ ಅಧ್ಯಾಯ ಮತ್ತು ನಡುವಿನ ಭಾಗದ ಸಾರಾಂಶವನ್ನು ಎರಡೆರಡು ಸಲ ಓದಿದೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಫೋನಿನ ವಿಷಯ ಮುಟ್ಟಬೇಡಿ. ಕ್ಷಮೆ ಕೇಳುವ ದೃಶ್ಯವನ್ನು ದೊಡ್ಡದು ಮಾಡಬೇಡಿ, ಚಿಕ್ಕದು ಮಾಡಿ, ಹಿಂದಕ್ಕೆ ತನ್ನಿ. ತೊಂದರೆ 29ರಲ್ಲಿಲ್ಲ. ಅದಕ್ಕೆ ಮುಂಚಿನ ಹದಿನೈದು ಅಧ್ಯಾಯಗಳಲ್ಲಿದೆ.

ಇಂಥ ಕಾದಂಬರಿಗಳ ಕರಡು ತಿದ್ದುತ್ತಾ ಬಹಳ ವರ್ಷಗಳಾದವು. ಮುರಿದ ಸಂಬಂಧ ಮತ್ತೆ ಕೂಡುವ ಕಥೆ ಕೈಗೆ ಬಂದಾಗಲೆಲ್ಲ ಬರೆದವರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಅವಳು ಅವನನ್ನು ಮತ್ತೆ ನಂಬಲು ಶುರು ಮಾಡಿದ್ದು ಯಾವ ಪುಟದಲ್ಲಿ? ಬೆರಳಿಟ್ಟು ತೋರಿಸಿ. ಹೆಚ್ಚಿನವರು ಕ್ಷಮಿಸಿದ ಪುಟ ತೆಗೆದು ತೋರಿಸುತ್ತಾರೆ. ನಾನು ಕೇಳಿದ್ದು ಅದಲ್ಲ. ಕ್ಷಮಿಸುವುದು ಬೇರೆ, ನಂಬುವುದು ಬೇರೆ. ಅವನು ಎದುರಿಗೆ ಇಲ್ಲದಿದ್ದರೂ, ಇನ್ನು ಮುಂದೆ ಅವನ ಮುಖವನ್ನೇ ನೋಡದಿದ್ದರೂ ಅವಳು ಕ್ಷಮಿಸಬಹುದು. ಕ್ಷಮೆಯ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಾಬರ್ಟ್ ಎನ್‌ರೈಟ್ ಕೂಡ ಇದನ್ನೇ ಒತ್ತಿ ಹೇಳುತ್ತಾರೆ: ಕ್ಷಮಿಸಿದರು ಎಂದರೆ ಮತ್ತೆ ಒಂದಾದರು ಎಂದಲ್ಲ. ಒಂದಾಗಲು ನಂಬಿಕೆ ಬೇಕು. ನಂಬಿಕೆಗೆ ಇಬ್ಬರೂ ಬೇಕು, ಜೊತೆಗೆ ದಿನಗಳು ಬೇಕು.

ನಿಮ್ಮ ಗೆಳತಿಯರ ಮಾತನ್ನೇ ಮತ್ತೊಮ್ಮೆ ನೋಡಿ. 'ಕ್ಷಮಿಸಿದ್ದು ತಪ್ಪು' ಅಂತ ಯಾರೂ ಹೇಳಿಲ್ಲ. 'ನಂಬೋಕಾಗಲ್ಲ' ಅಂದರು. ವಸುಧಾಳ ಮನಸ್ಸಿನಲ್ಲಿ ನಂಬಿಕೆ ಬೆಳೆದದ್ದನ್ನು ಅವರು ನೋಡಿಲ್ಲ, ಹಾಗಾಗಿ ಅವರಿಗೂ ನಂಬಿಕೆ ಬಂದಿಲ್ಲ. ಓದುಗರು ಅವಳಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಈಗ ಆ ಫೋನ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಿಮ್ಮ ಗೆಳತಿ ಕೊಟ್ಟ ಸಲಹೆ ಬಹಳ ಹಳೆಯದು. ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆ ಮಗನನ್ನು ಕರೆದುಕೊಂಡು ಆಸ್ಥಾನಕ್ಕೆ ಬಂದಾಗ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ಅವಳನ್ನು ಗೊತ್ತಿಲ್ಲ ಎನ್ನುತ್ತಾನೆ. ಅದೇ ಕಥೆಯನ್ನು ನಾಟಕ ಮಾಡುವಾಗ ಕಾಳಿದಾಸ ದೂರ್ವಾಸರ ಶಾಪ ತಂದ, ಉಂಗುರ ತಂದ. ಈಗ ದುಷ್ಯಂತ ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಮರೆತಿದ್ದಾನೆ. ತಪ್ಪು ಅವನ ತಲೆಯಿಂದ ಇಳಿದು ಶಾಪದ ತಲೆಗೆ ಹೋಯಿತು. 'ಫೋನ್ ಬಂದಿದ್ದೇ ಗೊತ್ತಾಗಲಿಲ್ಲ' ಅನ್ನುವುದೂ ಅಂಥದ್ದೇ ಶಾಪ. ಅತ್ತೆ ಬಚ್ಚಿಟ್ಟ ಪತ್ರ, ಗೆಳೆಯ ಹೇಳಿದ ಸುಳ್ಳು, ಅರ್ಧ ಮಾತ್ರ ಕಿವಿಗೆ ಬಿದ್ದ ಮಾತು: ನಮ್ಮ ಕಾಲದ ಕಾದಂಬರಿಗಳಲ್ಲಿ ದೂರ್ವಾಸರು ಇಂಥ ರೂಪಗಳಲ್ಲಿ ಬರುತ್ತಾರೆ.

ಆದರೆ ಕೊನೆಯ ಅಂಕದಲ್ಲಿ ಕಾಳಿದಾಸ ಏನು ಮಾಡಿದ ನೋಡಿ. ದುಷ್ಯಂತ ಅವಳ ಕಾಲಿಗೆ ಬಿದ್ದಿದ್ದಾನೆ. ಅವಳು ಅವನನ್ನು ಎಬ್ಬಿಸಿದ್ದಾಳೆ, ಇದು ನನ್ನ ಹಿಂದಿನ ಕರ್ಮದ ಫಲ ಎಂದು ಅವನ ಭಾರವನ್ನು ಇಳಿಸಿಯೂ ಇದ್ದಾಳೆ. ಅವನು ಉಂಗುರವನ್ನು ಮತ್ತೆ ಅವಳಿಗೆ ತೊಡಿಸಲು ಬರುತ್ತಾನೆ. ಆಗ ಅವಳು, ಇದನ್ನು ನಾನು ನಂಬುವುದಿಲ್ಲ, ನೀವೇ ತೊಟ್ಟುಕೊಳ್ಳಿ ಎನ್ನುತ್ತಾಳೆ. ಶಾಪದ ಸಂಗತಿ ಆ ಹೊತ್ತಿಗೆ ಅವಳಿಗಿನ್ನೂ ಗೊತ್ತಿಲ್ಲ. ಈ ಜಾಗ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಗಂಡನನ್ನು ಒಪ್ಪಿಕೊಂಡಳು, ಕ್ಷಮಿಸಿದಳು, ಆದರೆ ಒಮ್ಮೆ ಕೈಕೊಟ್ಟ ಉಂಗುರವನ್ನು ಬೆರಳಿಗೆ ಹಾಕಿಕೊಳ್ಳಲು ಕೈ ಮುಂದೆ ಬರಲಿಲ್ಲ. ಕ್ಷಮೆಗೂ ನಂಬಿಕೆಗೂ ನಡುವಿನ ಅಂತರ ಇಷ್ಟು ಸಣ್ಣ ಮಾತಿನಲ್ಲಿ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಳಿದಾಸನ ನಾಟಕ ಮುಗಿಯುತ್ತಾ ಬಂದಿತ್ತು. ನಿಮ್ಮ ಕಾದಂಬರಿ ನಿಜವಾಗಿ ಶುರುವಾಗಬೇಕಾದದ್ದೇ ಆ ಮಾತಿನಿಂದ.

ನಿರಂಜನ ಫೋನ್ ನೋಡಿದ್ದ, ಬೇಕಂತಲೇ ಎತ್ತಲಿಲ್ಲ. ಇದು ನಿಮ್ಮ ಕಥೆಯ ಬೆನ್ನೆಲುಬು. ಅದನ್ನು ತೆಗೆದರೆ ಅವನು ಬದಲಾಗಬೇಕಾದ ಅಗತ್ಯವೇ ಇರುವುದಿಲ್ಲ. ವಸುಧಾ ಒಂಬತ್ತು ವರ್ಷ ಸುಮ್ನೆ ನೋವು ತಿಂದ ಹಾಗಾಗುತ್ತದೆ. ಓದುಗರು ಪುಸ್ತಕ ಮುಚ್ಚಿ, 'ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತಲ್ಲ' ಎನ್ನುತ್ತಾರೆ. ತಪ್ಪು ನಿಜವಾಗಿದ್ದರೆ ಮಾತ್ರ ಎರಡನೇ ಅವಕಾಶ ಎಂಬ ಮಾತಿಗೆ ಅರ್ಥ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಎಲ್ಲ ತಪ್ಪಿಗೂ ಎರಡನೇ ಅವಕಾಶ ಬರೆಯಲು ಹೋಗಬೇಡಿ. ಹೊಡೆದವನು, ಹೆದರಿಸಿ ಇಟ್ಟುಕೊಂಡವನು, ಯಾರ ಹತ್ತಿರ ಮಾತಾಡಬೇಕು ಎಲ್ಲಿಗೆ ಹೋಗಬೇಕು ಎಂದು ಹಿಡಿತ ಹಾಕಿದವನು ಮೂರು ಅಧ್ಯಾಯ ಕಣ್ಣೀರು ಹಾಕಿ ಮರಳಿ ಬರುವ ಕರಡು ಬಂದರೆ ನಾನು ತಿದ್ದುವುದೇ ಇಲ್ಲ, ವಾಪಸ್ ಕಳಿಸುತ್ತೇನೆ. ಅಂಥ ಮನೆಯಲ್ಲೇ ಇರುವ ಒಬ್ಬಳು ಆ ಪುಸ್ತಕ ಓದುತ್ತಿರಬಹುದು. ಅಲ್ಲಿ ಎರಡನೇ ಅವಕಾಶ ಸಿಗಬೇಕಾದದ್ದು ಅವಳ ಬದುಕಿಗೆ, ಬೇಕಿದ್ದರೆ ಬೇರೊಬ್ಬ ಒಳ್ಳೆಯವನ ಜೊತೆ. ನಿಮ್ಮ ನಿರಂಜನ ಅಂಥವನಲ್ಲ. ಅವನು ಹಟಮಾರಿ, ಅಹಂಕಾರಿ, ಆ ರಾತ್ರಿ ಕ್ರೂರಿ. ಬದಲಾಗಬಲ್ಲವನು.

ಮುಂದಿನ ವಿಷಯ, ಏನು ಮುರಿಯಿತು ಎಂಬುದನ್ನು ಕರಾರುವಾಕ್ಕಾಗಿ ಹೇಳುವುದು. 'ನಂಬಿಕೆ ಮುರಿಯಿತು' ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ಒಬ್ಬರ ಮೇಲೆ ನಮಗೆ ಒಂದೇ ನಂಬಿಕೆ ಇರುವುದಿಲ್ಲ, ಹತ್ತಾರು ಇರುತ್ತವೆ. ದುಡ್ಡಿನ ವಿಷಯದಲ್ಲಿ ಸುಳ್ಳು ಹೇಳಲ್ಲ ಎಂಬುದು ಒಂದು. ನಾನಿಲ್ಲದಾಗ ನನ್ನ ಬಗ್ಗೆ ಹಗುರವಾಗಿ ಮಾತಾಡಲ್ಲ ಎಂಬುದು ಇನ್ನೊಂದು. ಕರೆದರೆ ಬರುತ್ತಾನೆ ಎಂಬುದು ಮತ್ತೊಂದು. ಒಂದು ಮುರಿದಾಗ ಉಳಿದವೂ ಅಲುಗಾಡುತ್ತವೆ, ನಿಜ. ಆದರೆ ರಿಪೇರಿ ಮಾತ್ರ ಮುರಿದ ಜಾಗದಲ್ಲೇ ಆಗಬೇಕು.

ಹಿಂದೊಮ್ಮೆ ಬಂದಿದ್ದ ಒಂದು ಕರಡು ನೆನಪಾಗುತ್ತದೆ. ಅದರಲ್ಲಿ ನಾಯಕ ಸಾಲದ ವಿಷಯ ಮುಚ್ಚಿಟ್ಟು ಹೆಂಡತಿಯ ಉಳಿತಾಯವನ್ನೆಲ್ಲ ಕಳೆದಿದ್ದ. ಕೊನೆಯಲ್ಲಿ ಬೆಂಕಿ ಬಿದ್ದ ಕಟ್ಟಡಕ್ಕೆ ನುಗ್ಗಿ ಅವಳನ್ನು ಹೊತ್ತುಕೊಂಡು ಬಂದ, ಅವಳು ಅಪ್ಪಿಕೊಂಡಳು. ಓದಲು ರೋಚಕವಾಗಿತ್ತು. ಆದರೆ ಅವನ ಧೈರ್ಯದ ಬಗ್ಗೆ ಅವಳಿಗೆ ಯಾವತ್ತೂ ಅನುಮಾನ ಇರಲಿಲ್ಲವಲ್ಲ! ಅನುಮಾನ ಇದ್ದದ್ದು ಪ್ರಾಮಾಣಿಕತೆಯ ಬಗ್ಗೆ. ಬರೆದವರು ಆಮೇಲೆ ಬೆಂಕಿಯ ಅಧ್ಯಾಯ ಕಿತ್ತುಹಾಕಿದರು. ಅವನು ಬ್ಯಾಂಕ್ ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟು, ಅವಳು ಕೇಳುವ ಮೊದಲೇ ಆ ತಿಂಗಳು ತಾನು ಮಾಡಿದ ಒಂದು ದಡ್ಡ ಖರ್ಚನ್ನು ಹೇಳುವ ದೃಶ್ಯ ಬರೆದರು. ಎರಡು ಪುಟ. ಅದನ್ನು ಓದುವಾಗ ನನ್ನ ಕಣ್ಣು ಒದ್ದೆಯಾಯಿತು.

ನಿಮ್ಮ ಕಥೆಯಲ್ಲಿ ಮುರಿದದ್ದು 'ಕರೆದರೆ ಓಗೊಡುತ್ತಾನೆ' ಎಂಬ ನಂಬಿಕೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, 'ಸಿಟ್ಟಿದ್ದಾಗಲೂ ಓಗೊಡುತ್ತಾನೆ' ಎಂಬ ನಂಬಿಕೆ. ಖುಷಿಯಲ್ಲಿದ್ದಾಗ ಅವನು ಯಾವಾಗಲೂ ಫೋನ್ ಎತ್ತುತ್ತಿದ್ದ. ಹಾಗಿರುವಾಗ 12ರಿಂದ 28ರವರೆಗೆ ಅವನು ಮಾಡುವುದೇನು? ಅವಳ ಪ್ರಾಜೆಕ್ಟ್ ಉಳಿಸುತ್ತಾನೆ, ಮಳೆಯಲ್ಲಿ ಕಾಯುತ್ತಾನೆ, ಹಳೆಯ ಡೈರಿ ಹುಡುಕಿ ತಂದುಕೊಡುತ್ತಾನೆ. ಒಳ್ಳೆಯ ದೃಶ್ಯಗಳೇ. ಆದರೆ ಎಲ್ಲವೂ ಅವಳ ಮೇಲೆ ಪ್ರೀತಿ ಉಕ್ಕುತ್ತಿರುವಾಗ ಮಾಡಿದವು. ಅವಳು ಹೆದರುತ್ತಿರುವುದು ಪ್ರೀತಿ ಉಕ್ಕದ ದಿನಕ್ಕೆ.

ಸಂಬಂಧಗಳನ್ನು ಕುರಿತು ಅಮೆರಿಕದಲ್ಲಿ ದೀರ್ಘ ಕಾಲ ಸಂಶೋಧನೆ ಮಾಡಿದ ಜಾನ್ ಗಾಟ್‌ಮನ್ ಹೊಸದಾಗಿ ಮದುವೆಯಾದ ಜೋಡಿಗಳನ್ನು ಗಮನಿಸಿ, ಆರು ವರ್ಷದ ನಂತರ ಅವರು ಏನಾದರೆಂದು ನೋಡಿದರು. ಒಬ್ಬರು ಇನ್ನೊಬ್ಬರ ಗಮನ ಕೇಳುವ ಸಣ್ಣ ಸಣ್ಣ ಕರೆಗಳಿರುತ್ತವಲ್ಲ, 'ಇಲ್ಲಿ ನೋಡು', 'ಇವತ್ತು ಏನಾಯ್ತು ಗೊತ್ತಾ' ಎಂಬಂಥವು, ಅವಕ್ಕೆ ಜೊತೆಯಲ್ಲೇ ಉಳಿದವರು ಶೇ. 86ರಷ್ಟು ಸಲ ತಿರುಗಿ ಸ್ಪಂದಿಸಿದ್ದರು. ಬೇರೆಯಾದವರಲ್ಲಿ ಅದು ಶೇ. 33. ಗಮನಿಸಿ, ಇಲ್ಲಿ ಯಾರೂ ಮಳೆಯಲ್ಲಿ ಕಾದಿಲ್ಲ. ಕಿಟಕಿ ಕಡೆ ನೋಡು ಎಂದಾಗ ನೋಡಿದ್ದಾರೆ, ಅಷ್ಟೆ. ನಿಮ್ಮ ನಡುವಿನ ಅಧ್ಯಾಯಗಳಿಗೆ ಬೇಕಾದದ್ದು ಇದೇ ಅಳತೆಯ ಘಟನೆಗಳು.

ಮಾದರಿಗೆ ಒಂದನ್ನು ಬರೆದು ತೋರಿಸುತ್ತೇನೆ. ಬೇಕಿದ್ದರೆ ತೆಗೆದುಕೊಳ್ಳಿ.

ಸಂಜೆ ಆರಕ್ಕೆ ಬರುತ್ತೇನೆ ಎಂದಿದ್ದಾನೆ ನಿರಂಜನ. ಐದೂವರೆಗೇ ವಸುಧಾ ಮೊಬೈಲನ್ನು ಸೈಲೆಂಟ್ ಮಾಡಿ ಮಗುಚಿಟ್ಟಿದ್ದಾಳೆ. ತಾನು ಕಾಯುತ್ತಿರುವುದು ತನಗೇ ಕಾಣಬಾರದು. ಆರೂ ಹತ್ತು. ಅವಳು ಎದ್ದು ಚಪ್ಪಲಿ ಬಿಚ್ಚಿ ಮೂಲೆಗಿಡುತ್ತಾಳೆ. ಹೊರಡಲೆಂದು ಹಾಕಿಕೊಂಡಿದ್ದ ಬಟ್ಟೆ ಬದಲಿಸುತ್ತಾಳೆ. ಮುಖ ತೊಳೆದು ಬರುತ್ತಾಳೆ. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಅವಳ ಮಟ್ಟಿಗೆ ಮುಗಿಯಿತು. ಟೈಮ್ ನೋಡಲೆಂದು ಮೊಬೈಲ್ ತಿರುಗಿಸಿದರೆ, ಐದೂ ಮೂವತ್ತೈದಕ್ಕೇ ಬಂದ ಮೆಸೇಜು: 'ತಡ ಆಗುತ್ತೆ. ಆರೂ ನಲವತ್ತಕ್ಕೆ ಬಾಗಿಲಲ್ಲಿರ್ತೀನಿ.' ಎರಡು ಸಲ ಓದುತ್ತಾಳೆ. ಆರೂ ಮೂವತ್ತೆಂಟಕ್ಕೆ ಬೆಲ್ಲಾಗುತ್ತದೆ. ಅವನು ಅವಳ ಮನೆಬಟ್ಟೆ ನೋಡುತ್ತಾನೆ, ಮೂಲೆಯ ಚಪ್ಪಲಿ ನೋಡುತ್ತಾನೆ. ಅರ್ಥವಾಗುತ್ತದೆ. 'ಮೆಸೇಜ್ ಮಾಡಿದ್ನಲ್ಲ' ಎನ್ನುವುದಿಲ್ಲ. 'ಕಾಯಲಾ, ನಾಳೆ ಬರಲಾ?' ಎಂದು ಕೇಳುತ್ತಾನೆ. ಅವಳು, 'ಹತ್ತು ನಿಮಿಷ' ಎಂದು ಒಳಗೆ ಹೋಗುತ್ತಾಳೆ.

ಇದರಲ್ಲಿ ಕಣ್ಣೀರಿಲ್ಲ, ಅಪ್ಪುಗೆ ಇಲ್ಲ. ಆದರೂ ಏನೇನೋ ನಡೆದಿದೆ. ಒಮ್ಮೆ ಪೆಟ್ಟು ತಿಂದವರು ಇನ್ನೊಮ್ಮೆ ಪೆಟ್ಟು ಬೀಳುವ ಮೊದಲೇ ತಯಾರಾಗಿಬಿಡುತ್ತಾರೆ, ಅವಳು ಬಟ್ಟೆ ಬದಲಿಸಿದ್ದು ಅದೇ. ಮಗುವಿಗೂ ತಾಯಿಗೂ ಇರುವ ನಂಟಿನ ಬಗ್ಗೆ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನು 1987ರಲ್ಲಿ ಹೇಜನ್ ಮತ್ತು ಶೇವರ್ ಎಂಬ ಸಂಶೋಧಕರು ದೊಡ್ಡವರ ಪ್ರೀತಿಗೂ ಅನ್ವಯಿಸಿ ತೋರಿಸಿದರು. ನೆಚ್ಚಿಕೊಂಡವರು ಸಿಗುತ್ತಾರೋ ಇಲ್ಲವೋ ಎಂಬ ಆತಂಕ ದೊಡ್ಡವರನ್ನೂ ಬಿಡುವುದಿಲ್ಲ. ಇದನ್ನು ನಿಮ್ಮ ಪಾತ್ರಗಳ ಬಾಯಲ್ಲಿ ಪಾಠದಂತೆ ಹೇಳಿಸಬೇಡಿ. ಈಚಿನ ಕರಡುಗಳಲ್ಲಿ ನಾಯಕಿಯೇ ತನ್ನ ಮನಸ್ಸಿನ ಕಾಯಿಲೆಗೆ ಹೆಸರು ಕೊಟ್ಟು ವಿವರಿಸುವುದು ಜಾಸ್ತಿಯಾಗಿದೆ. ಮೂಲೆಯ ಚಪ್ಪಲಿ ಸಾಕು. ಇನ್ನು ಅವನ ಕಡೆ ನೋಡಿದರೆ, ವಾದ ಗೆಲ್ಲುವ ಹಕ್ಕು ಅವನ ಕೈಯಲ್ಲಿತ್ತು, ಮೆಸೇಜೇ ಸಾಕ್ಷಿ. ಅದನ್ನು ಅವನು ಬಳಸಲಿಲ್ಲ. ಒಂಬತ್ತು ವರ್ಷದ ಹಿಂದೆ ಗೆಲ್ಲುವುದೇ ಮುಖ್ಯವಾಗಿದ್ದ ಗಂಡಸು ಇವನು. ಬದಲಾಗಿದ್ದಾನೆ ಎಂದು ನೀವು ಹೇಳಬೇಕಾಗಿಲ್ಲ, ಅವಳೇ ನೋಡಿಬಿಟ್ಟಳು.

ಇಂಥವು ಆರೇಳು ಬೇಕು, ಒಂದೇ ಸಾಲಿನಲ್ಲಿ ಏರುತ್ತಾ ಹೋಗಬಾರದು. ಎರಡು ಒಳ್ಳೆಯ ದಿನದ ನಂತರ ಒಂದು ಕೆಟ್ಟ ರಾತ್ರಿ ಬರಲಿ. ಯಾವ ಕಾರಣವೂ ಇಲ್ಲದೆ ಅವಳು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲಲಿ. ಅದಕ್ಕೆ ಅವನು ಬೇಸರ ಪಡಲಿ. ಎಷ್ಟು ದಿನ ಅಂತ ಪರೀಕ್ಷೆ ಕೊಡಬೇಕು ಎಂದು ಒಮ್ಮೆಯಾದರೂ ಅವನಿಗೆ ಅನ್ನಿಸಲಿ. ಬೇಸರವೇ ಆಗದ ಗಂಡಸು ಗೊಂಬೆಯಂತೆ ಕಾಣುತ್ತಾನೆ.

ಇನ್ನೊಂದು ಕಸುಬಿನ ಗುಟ್ಟನ್ನು ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರಿಂದ ಕಲಿಯಬಹುದು. ಅವರ 'ಪರ್ಸುಯೇಷನ್' ಎರಡನೇ ಅವಕಾಶದ ಕಾದಂಬರಿಗಳಿಗೆಲ್ಲ ತಾಯಿ ಇದ್ದಂತೆ. ಆ್ಯನ್ ಎಲಿಯಟ್ ಹಿರಿಯರ ಮಾತು ಕೇಳಿ ವೆಂಟ್‌ವರ್ತ್‌ನ ಜೊತೆ ಆಗಿದ್ದ ನಿಶ್ಚಯ ಮುರಿದಿದ್ದಾಳೆ. ಎಂಟು ವರ್ಷದ ನಂತರ, ಅವಳಿಗೆ 27 ಆದಾಗ, ಅವನು ಮತ್ತೆ ಎದುರಾಗುತ್ತಾನೆ. ಇಲ್ಲಿ ನೋವು ತಿಂದವನು ಗಂಡು, ನಂಬಬೇಕಾದವನೂ ಅವನೇ. 1816ರಲ್ಲಿ ಆಸ್ಟಿನ್ ಈ ಕಾದಂಬರಿಯ ಕೊನೆ ಬರೆದು ಮುಗಿಸಿದರು. ಆ ಮೊದಲ ಕೊನೆಯಲ್ಲಿ, ಆ್ಯನ್ ಬೇರೆಯವನನ್ನು ಮದುವೆಯಾಗುವ ಸುದ್ದಿ ನಿಜವೇ ಎಂದು ಕೇಳಿಬರುವ ಕೆಲಸ ವೆಂಟ್‌ವರ್ತ್‌ನ ತಲೆಗೆ ಬೀಳುತ್ತದೆ. ಅವನು ಕೇಳುತ್ತಾನೆ, ಅವಳು ಇಲ್ಲ ಎನ್ನುತ್ತಾಳೆ, ಅಲ್ಲಿಗೆ ಎಲ್ಲ ಬಗೆಹರಿಯುತ್ತದೆ. ಆಸ್ಟಿನ್ ಅವರಿಗೆ ಅದು ಸಮಾಧಾನ ಕೊಡಲಿಲ್ಲ. ತೆಗೆದುಹಾಕಿ ಹೊಸದಾಗಿ ಬರೆದರು. ತೆಗೆದುಹಾಕಿದ ಹಾಳೆಗಳು ಬ್ರಿಟಿಷ್ ಲೈಬ್ರರಿಯಲ್ಲಿ ಇವತ್ತಿಗೂ ಇವೆ.

ಹೊಸ ಕೊನೆಯಲ್ಲಿ ವೆಂಟ್‌ವರ್ತ್ ಆ್ಯನ್ ಇರುವ ಕೋಣೆಯಲ್ಲೇ ಮೇಜಿನ ಬಳಿ ಕೂತು ಪತ್ರ ಬರೆಯುತ್ತಿದ್ದಾನೆ. ಆ್ಯನ್ ಅವನ ಗೆಳೆಯನ ಜೊತೆ ಮಾತಾಡುತ್ತಿದ್ದಾಳೆ. ಮಾತು ಹೆಣ್ಣು ಹೆಚ್ಚು ಕಾಲ ಪ್ರೀತಿಸುತ್ತಾಳೋ ಗಂಡೋ ಎಂಬುದರ ಕಡೆಗೆ ಹೊರಳಿದೆ. ಮಧ್ಯೆ ಅವನ ಪೆನ್ನು ಕೆಳಗೆ ಬಿದ್ದ ಸದ್ದು. ಆಸೆಯೆಲ್ಲ ಮುಗಿದ ಮೇಲೂ ಪ್ರೀತಿಸುತ್ತಾ ಉಳಿಯುವುದು ಹೆಣ್ಣಿಗೆ ಗೊತ್ತು ಎಂಬ ಅರ್ಥದ ಮಾತನ್ನು ಅವಳು ಗೆಳೆಯನಿಗೆ ಹೇಳುತ್ತಾಳೆ. ಅದನ್ನು ಕೇಳಿಸಿಕೊಂಡ ವೆಂಟ್‌ವರ್ತ್ ಅಲ್ಲೇ ಕೂತು ಅವಳಿಗೆ ಪತ್ರ ಬರೆಯುತ್ತಾನೆ.

ಎರಡು ಕೊನೆಗಳ ವ್ಯತ್ಯಾಸ ಎಲ್ಲಿದೆ ನೋಡಿ. ಮೊದಲನೆಯದರಲ್ಲಿ ಅವಳು ಅವನಿಗೆ ಉತ್ತರ ಕೊಟ್ಟಳು. ಎರಡನೆಯದರಲ್ಲಿ ಬೇರೆಯವರಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು. ನೇರವಾಗಿ ನಮಗೆ ಹೇಳಿದ ಮಾತನ್ನು ಅನುಮಾನಿಸಬಹುದು. ನಮ್ಮನ್ನು ಒಲಿಸಿಕೊಳ್ಳಲು ಹೇಳಿದ್ದಲ್ಲದ ಮಾತನ್ನು ಅನುಮಾನಿಸುವುದು ಕಷ್ಟ. ನಿಮ್ಮ ನಿರಂಜನನಿಗೂ ಇಂಥ ಒಂದು ಕ್ಷಣ ಕೊಡಿ. ಅವಳು ಹತ್ತಿರದಲ್ಲಿದ್ದಾಳೆ ಎಂದು ಅವನಿಗೆ ಗೊತ್ತಿಲ್ಲದಾಗ, ಅವಳಿಗೆ ಸಂಬಂಧವೇ ಇಲ್ಲದ ವಿಷಯದಲ್ಲಿ, ಅವನು ಹೇಗಿರುತ್ತಾನೆ ಎಂಬುದನ್ನು ಅವಳು ನೋಡಲಿ. ಆಫೀಸಿನ ಹೊಸ ಹುಡುಗನೊಬ್ಬ ಅವನ ಮೇಲೆ ಎಲ್ಲರೆದುರು ರೇಗಿದ್ದಾನೆ ಎಂದಿಟ್ಟುಕೊಳ್ಳಿ. ಸಂಜೆ ಅದೇ ಹುಡುಗ ತೊಂದರೆಯಲ್ಲಿ ಸಿಕ್ಕಿ ಫೋನ್ ಮಾಡುತ್ತಾನೆ. ನಿರಂಜನ ಮೊಬೈಲ್ ನೋಡುತ್ತಾನೆ, ಹಲ್ಲು ಕಚ್ಚುತ್ತಾನೆ, ಎತ್ತುತ್ತಾನೆ. ಬಾಗಿಲ ಆಚೆ ನಿಂತ ವಸುಧಾಗೆ ಆ ಎರಡು ಸೆಕೆಂಡ್ ಕಾಣಬೇಕು.

ಕ್ಷಮೆ ಕೇಳುವ ದೃಶ್ಯಕ್ಕೆ ಬರೋಣ. ಈಗ ಅವನು ಸಮಾರಂಭದ ವೇದಿಕೆ ಹತ್ತಿ ಒಂದೂವರೆ ಪುಟ ಮಾತಾಡುತ್ತಾನೆ. 'ಆಗ ನಾನು ಚಿಕ್ಕವನು', 'ನನಗೂ ನೋವಾಗಿತ್ತು, ಆದರೆ' ಎಂಬ ಮಾತುಗಳು ಬರುತ್ತವೆ. ಜನ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ನಡುವೆ ವಸುಧಾ ಇಲ್ಲ ಎನ್ನಲು ಸಾಧ್ಯವೇ? ತಪ್ಪು ನಡೆದದ್ದು ಒಂಟಿ ಕೋಣೆಯಲ್ಲಿ. ಅದಕ್ಕೆ ಕ್ಷಮೆಯನ್ನು ನೂರು ಜನರೆದುರು ಕೇಳಿದರೆ ಒತ್ತಡ ಬೀಳುವುದು ಅವಳ ಮೇಲೆ. ಇದನ್ನು 18ನೇ ಅಧ್ಯಾಯದ ಹೊತ್ತಿಗೆ ತನ್ನಿ, ಇಬ್ಬರೇ ಇರಲಿ. ಅವನು ಇಷ್ಟು ಹೇಳಿದರೆ ಸಾಕು:

'ಆ ರಾತ್ರಿ ನೀನು ಹನ್ನೊಂದು ಸಲ ಮಾಡಿದೆ. ಹನ್ನೊಂದೂ ನೋಡ್ದೆ. ನೀನು ಸೋಲಲಿ ಅಂತ ಎತ್ತಲಿಲ್ಲ.'

ಅವಳು ತುಂಬ ಹೊತ್ತು ಸುಮ್ಮನಿದ್ದು ಹೇಳಲಿ: 'ಅಪ್ಪ ನಿನ್ನ ಕೇಳಿದ್ರು.'

ಅವನ ಹತ್ತಿರ ಉತ್ತರ ಇರಬಾರದು. 'ಆದರೆ' ಬೇಡ, 'ಕ್ಷಮಿಸಿಬಿಡು' ಎಂಬ ಬೇಡಿಕೆಯೂ ಬೇಡ. ಅವಳಿಗೆ ಆ ರಾತ್ರಿ ಏನೇನು ಗೊತ್ತಿರಲಿಲ್ಲವೋ ಅದು ಈಗ ಗೊತ್ತಾಯಿತು, ಅವನಿಗೂ ಗೊತ್ತಿರದ ಒಂದು ವಿಷಯ ಗೊತ್ತಾಯಿತು. ಇದಾದ ಮೇಲೆ ಹನ್ನೆರಡು ಅಧ್ಯಾಯಕ್ಕಿಂತ ಜಾಸ್ತಿ ಜಾಗ ಉಳಿಯುತ್ತದೆ. ನಂಬಿಕೆಯ ಕಥೆಗೆ ಅಷ್ಟು ಜಾಗ ಬೇಕೇ ಬೇಕು.

ಇಷ್ಟು ಹೊತ್ತು ಅವನದೇ ಮಾತಾಯಿತು. ವಸುಧಾ ಈ ಒಂಬತ್ತು ವರ್ಷ ಏನು ಮಾಡಿದಳು? ನಿಮ್ಮ ಮೊದಲ ಅಧ್ಯಾಯಗಳಲ್ಲಿ ಅವಳು ಕೆಲಸ ಮಾಡುತ್ತಾಳೆ, ಮನೆಗೆ ಬರುತ್ತಾಳೆ, ನೆನಪಿಸಿಕೊಳ್ಳುತ್ತಾಳೆ. ಅವಳಿಗೆ ನಗಿಸುವ ಗೆಳತಿಯಿಲ್ಲ, ಕಲಿತ ಹೊಸ ವಿದ್ಯೆಯಿಲ್ಲ, ನಡುವೆ ಯಾರನ್ನೂ ಇಷ್ಟಪಟ್ಟಿಲ್ಲ. ಅವನಿಗಾಗಿಯೇ ಎತ್ತಿಟ್ಟ ಹಾಗಿದ್ದಾಳೆ. ಅವನಿಲ್ಲದೆಯೂ ಇವಳು ಚೆನ್ನಾಗಿಯೇ ಬದುಕುತ್ತಾಳೆ ಎಂಬುದು ಓದುಗರಿಗೆ ಖಾತ್ರಿಯಾಗಬೇಕು. ಆಗ ಮಾತ್ರ ಅವಳು ಹೂಂ ಎಂದಾಗ ಅದು ಬೇರೆ ದಾರಿಯಿಲ್ಲದೆ ಅಂದದ್ದಾಗಿ ಕಾಣುವುದಿಲ್ಲ. ಅವಳ ಕೈಯಲ್ಲೂ ಒಂದು ತಪ್ಪು ಆಗಲಿ. ನೋವು ತಿಂದವರು ಯಾವಾಗಲೂ ನ್ಯಾಯವಾಗಿಯೇ ನಡೆದುಕೊಳ್ಳುವುದಿಲ್ಲ ಅಲ್ವಾ? ಅವಳು ಬೇಕೆಂದೇ ಅವನ ಫೋನ್ ಎತ್ತದೆ ಒಂದು ರಾತ್ರಿ ಕಾಯಿಸಲಿ. ಬೆಳಿಗ್ಗೆ ತನ್ನ ಮೇಲೆ ತನಗೇ ನಾಚಿಕೆಯಾಗಿ, ಅದನ್ನು ಅವನಿಗೆ ಹೇಳಲಿ.

ಈಗ ಕ್ಲೈಮ್ಯಾಕ್ಸ್. ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಸಂಘ ಈ ಪ್ರಕಾರಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಎರಡೇ ಅಂಶಗಳಿವೆ: ಪ್ರೇಮವೇ ಕಥೆಯ ಕೇಂದ್ರವಾಗಿರಬೇಕು, ಕೊನೆ ಮನಸ್ಸಿಗೆ ತೃಪ್ತಿ ಮತ್ತು ಭರವಸೆ ಕೊಡಬೇಕು. ಅಂದರೆ ಇಬ್ಬರೂ ಒಂದಾಗುತ್ತಾರೆ ಎಂದು ಓದುಗರಿಗೆ ಮೊದಲೇ ಗೊತ್ತು. ಅವರು ಪುಟ ತಿರುಗಿಸುವುದು ಹೇಗೆ ಒಂದಾಗುತ್ತಾರೆ ಎಂದು ನೋಡಲು. ಪ್ರೇಮಕಾದಂಬರಿಗಳ ರಚನೆಯ ಬಗ್ಗೆ 2003ರಲ್ಲಿ ಪುಸ್ತಕ ಬರೆದ ಪಮೇಲಾ ರೀಜಿಸ್ ಎಂಟು ಅಂಗಗಳನ್ನು ಪಟ್ಟಿ ಮಾಡುತ್ತಾರೆ. ಅದರಲ್ಲಿ ಒಂದು, ಇನ್ನು ಈ ಸಂಬಂಧ ಬದುಕುವುದಿಲ್ಲ ಎನಿಸುವ ಸಾವಿನಂಥ ಘಟ್ಟ. ನಿಮ್ಮ 26ನೇ ಅಧ್ಯಾಯ ಅದೇ. ಆದರೆ ಅಲ್ಲಿ ನೀವು ಅವನನ್ನು ಹಳೆಯ ಸಹೋದ್ಯೋಗಿಯ ಜೊತೆ ನೋಡಿ ಅವಳು ತಪ್ಪು ತಿಳಿಯುವ ಹಾಗೆ ಮಾಡಿದ್ದೀರಿ. ಮತ್ತೆ ದೂರ್ವಾಸರು ಬಂದರು! ಅದರ ಬದಲು, ಹಳೆಯ ಬಾಗಿಲಿಗೇ ಇಬ್ಬರನ್ನೂ ಮತ್ತೆ ತಂದು ನಿಲ್ಲಿಸಿ. ನಿಜವಾದ ಕಾರಣಕ್ಕೆ ಜೋರು ಜಗಳವಾಗಲಿ. ಅವನದೇ ಸರಿ ಇರಲಿ. ಅವನು ಸಿಟ್ಟಿನಿಂದ ಎದ್ದು ಹೋಗಲಿ, ಒಂಬತ್ತು ವರ್ಷದ ಹಿಂದೆ ಹೋದ ಹಾಗೆಯೇ. ರಾತ್ರಿ ಹನ್ನೊಂದಕ್ಕೆ ಅವಳು ಫೋನ್ ಮಾಡಬೇಕಾಗಿ ಬರಲಿ.

ಕಾರಣ ದೊಡ್ಡದಾಗಿರಬಾರದು, ಇದು ಮುಖ್ಯ. ಇನ್ನೊಂದು ಆಸ್ಪತ್ರೆ, ಇನ್ನೊಂದು ಸಾವು ತರಬೇಡಿ. ಸಾಯುವವರಿದ್ದರೆ ಯಾರಾದರೂ ಎತ್ತಿಯಾರು. ಮನೆಯ ಬೀಗದ ಕೈ ಅವನ ಜೇಬಿನಲ್ಲೇ ಹೋಗಿದೆ, ಅಷ್ಟು ಸಾಕು. ಅವಳು ಮೆಟ್ಟಿಲ ಮೇಲೆ ಕೂತು ಆ ನಂಬರ್ ನೋಡುತ್ತಾ ಇದ್ದಾಳೆ. ಒತ್ತಲು ಬೆರಳು ಬರುತ್ತಿಲ್ಲ. ಇಲ್ಲಿ ನಿಲ್ಲಿ, ಅವಸರ ಮಾಡಬೇಡಿ, ಬೇಕಾದರೆ ಎರಡು ಪುಟ ಕೊಡಿ. ಇಡೀ ಕಾದಂಬರಿಯ ಧೈರ್ಯ ಈ ಬೆರಳಿನಲ್ಲಿದೆ. ಒತ್ತುತ್ತಾಳೆ. ಮೊದಲ ರಿಂಗಿಗೇ ಅವನು ಎತ್ತುತ್ತಾನೆ. 'ಸಿಟ್ಟು ಇಳಿದಿಲ್ಲ ನಂಗೆ. ಹೇಳು, ಏನಾಯ್ತು?' ಪ್ರೀತಿಯ ಮಾತು ಬೇಡ. ಸಿಟ್ಟಿನಲ್ಲೇ ಎತ್ತಿದ ಎಂಬುದೇ ಅವಳಿಗೆ ಬೇಕಾದ ಉತ್ತರ. ಅದು ಬಂದ ಮೇಲೆ ಜಗಳ ಮುಂದುವರಿದರೂ ಪರವಾಗಿಲ್ಲ.

ಉಳಿದ ಸಣ್ಣಪುಟ್ಟದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಆ ರಾತ್ರಿ ನಡೆದದ್ದನ್ನು 22ರವರೆಗೆ ಮುಚ್ಚಿಟ್ಟಿದ್ದೀರಿ. ಅಷ್ಟು ಬೇಡ, ಮೂರನೇ ಒಂದು ಭಾಗ ಮುಗಿಯುವ ಮೊದಲೇ ಓದುಗರಿಗೆ ಗೊತ್ತಾಗಲಿ. ಗಾಯ ಎಲ್ಲಿದೆ ಎಂದು ಗೊತ್ತಿದ್ದರೆ ತಾನೇ ಅದರ ಹತ್ತಿರ ಕೈ ಹೋದಾಗ ಎದೆ ಝಲ್ಲೆನ್ನುವುದು. ಫ್ಲ್ಯಾಶ್‌ಬ್ಯಾಕುಗಳಲ್ಲಿ ಅವರ ಖುಷಿಯ ದಿನಗಳು ಕಡಿಮೆ ಇವೆ, ಒಂದೆರಡು ಸೇರಿಸಿ. ಏನನ್ನು ಕಳೆದುಕೊಂಡರು ಎಂದು ನಮಗೂ ತಿಳಿಯಬೇಕು. ಮೈಗೆ ಮೈ ಸೋಕುವ ದೃಶ್ಯ 14ರಲ್ಲಿದೆ, ಅದು ಅಲ್ಲೇ ಇರಲಿ. ಹಳೆಯ ಪ್ರೀತಿಯಲ್ಲಿ ದೇಹ ಮನಸ್ಸಿಗಿಂತ ಮೊದಲೇ ಗುರುತು ಹಿಡಿಯುತ್ತದೆ. ಆದರೆ ಮರುದಿನ ಬೆಳಿಗ್ಗೆ ಅವಳಿಗೆ ಭಯವಾಗಲಿ. ಈಗ ಅವಳು ಹಾಡು ಗುನುಗುತ್ತಾಳೆ, ಅದು ಆಗಲಿಕ್ಕಿಲ್ಲ.

ಕೊನೆಯದಾಗಿ ನಿಮ್ಮ 4ನೇ ಅಧ್ಯಾಯ. ನೀವೇ ಬರೆದು ನೀವೇ ಮರೆತ ಒಂದು ಪ್ಯಾರಾ ಅಲ್ಲಿದೆ. ಹೊಸ ಕೆಲಸಕ್ಕೆ ಸೇರಿದ ದಿನ ವಸುಧಾ ಫಾರ್ಮ್ ತುಂಬುತ್ತಾಳೆ. 'ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು' ಎಂಬ ಜಾಗವನ್ನು ಖಾಲಿ ಬಿಡುತ್ತಾಳೆ. ಗುಮಾಸ್ತರು ವಾಪಸ್ ಕೊಟ್ಟು, ಏನಾದರೂ ಬರೆಯಲೇಬೇಕು ಎನ್ನುತ್ತಾರೆ. ಅವಳು ತನ್ನದೇ ನಂಬರ್ ಬರೆದುಕೊಡುತ್ತಾಳೆ. ನಾನು ಅಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಂಥದ್ದು ಹೊಳೆಯುವವರಿಗೆ ವೇದಿಕೆ, ಚಪ್ಪಾಳೆ ಯಾವುದೂ ಬೇಕಿಲ್ಲ.

ಆ ಫಾರ್ಮನ್ನು 32ರಲ್ಲಿ ಮತ್ತೆ ತನ್ನಿ. ವರ್ಷಕ್ಕೊಮ್ಮೆ ವಿವರ ತಿದ್ದಲು ಎಲ್ಲರಿಗೂ ಕೊಡುತ್ತಾರೆ, ಅವಳ ಮೇಜಿಗೂ ಬರಲಿ. ನಿರಂಜನ ಆ ದಿನ ಆಫೀಸಿಗೇ ಬಂದಿರುವುದು ಬೇಡ. ಅವಳು ಹಳೆಯ ನಂಬರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಅವನದನ್ನು ಬರೆಯಲಿ. ಮೊಬೈಲ್ ತೆಗೆದು ನೋಡಿಕೊಳ್ಳಬೇಕಾಗಿಲ್ಲ. ಒಂದು ರಾತ್ರಿ ಹನ್ನೊಂದು ಸಲ ಒತ್ತಿದ ನಂಬರ್ ಅದು, ಅವಳಿಗೆ ಬಾಯಿಪಾಠ.